ಪೆಟ್ಟಿಗೆಯಲ್ಲಿಟ್ಟ ರುಮಾಲು

ಗಿಣಿಗೇರಾ ಕಲ್ಲುಗಣಿ
೧೨ ಫೆಬ್ರವರಿ ೧೯೪೩

ತಾವರಗೇರಾದ ಸೈದಾನಬಿ ಅಮ್ಮನವರಿಗೆ ಕೊಟ್ರಪ್ಪ ಮೇಸ್ತ್ರಿಯ ಶರಣು. ಇದನ್ನು ಅಮ್ಮನಿಗೆ ಓದಿ ಹೇಳುವವರು ನಿಧಾನವಾಗಿ ಓದಿರಿ.

ಹೋದ ವರ್ಷ ಕಲ್ಲು ಬಿದ್ದು ನಿಮ್ಮ ಮಗ ರಾಜಾಸಾಬನಿಗೆ ರಕ್ತ ಸುರಿಯುತ್ತಿದ್ದಾಗ ನಾನು ಔಷಧಿ ಪೆಟ್ಟಿಗೆ ತೆರೆದೆ. ಗಾಯಕ್ಕೆ ಕಟ್ಟುವ ಬಟ್ಟೆಯನ್ನೆಲ್ಲ ಗೆದ್ದಲು ತಿಂದಿತ್ತು. ಆರು ತಿಂಗಳಿಂದ ಅದನ್ನು ತೆರೆದು ನೋಡದವನು ನಾನೇ. ಅವನು ಉಳಿಯಲಿಲ್ಲ. ನೀವು ಬಂದಾಗ ಇದನ್ನೆಲ್ಲ ಹೇಳಿ, ಬೈಯುವಿರೆಂದು ತಲೆ ತಗ್ಗಿಸಿ ನಿಂತಿದ್ದೆ. ನೀವು ಅವನು ತಲೆಗೆ ಸುತ್ತುತ್ತಿದ್ದ ಬಿಳಿ ರುಮಾಲನ್ನು ನನ್ನ ಕೈಗಿಟ್ಟು, "ಇದನ್ನ ಪೆಟಗ್ಯಾಗ ಇಡಪಾ, ಇನ್ನೊಬ್ರಿಗೆ ಬೇಕಾಕೈತಿ" ಅಂದಿರಿ.

ಅಂದಿನಿಂದ ಪ್ರತಿ ಸೋಮವಾರ ಪೆಟ್ಟಿಗೆಯನ್ನು ಬಿಸಿಲಿಗಿಡುತ್ತೇನೆ. ರುಮಾಲನ್ನು ಕುದಿಸಿ, ಒಣಗಿಸಿ, ಬೇವಿನೆಲೆ ಹಾಕಿ ಮಡಚುತ್ತೇನೆ. ಬಿದಿರಿನ ದಬ್ಬೆ, ಟಿಂಚರ್ ಸೀಸೆ, ಹಗ್ಗ ಎಲ್ಲವನ್ನೂ ಮುಟ್ಟಿ ನೋಡುತ್ತೇನೆ. "ಮೇಸ್ತ್ರಿ ಪೂಜಿ ಚಾಲೂ ಆತು ನೋಡ್ರಿ" ಎಂದು ಗಣಿಯವರು ನಗುತ್ತಾರೆ. ನಗಲಿ.

ಹೋದ ತಿಂಗಳು ನಮ್ಮ ಗಣಿಯ ಯಮನೂರಪ್ಪ ಮೇಲಿನ ಬಂಡೆಯಿಂದ ಜಾರಿ ಬಿದ್ದ. ತೊಡೆ ಸೀಳಿತ್ತು, ಕಾಲು ಮುರಿದಿತ್ತು. ಅರ್ಧ ರುಮಾಲನ್ನು ಗಾಯಕ್ಕೆ ಬಿಗಿದೆ, ಇನ್ನರ್ಧದಿಂದ ಕಾಲಿಗೆ ದಬ್ಬೆ ಕಟ್ಟಿದೆ. ಕಂಬಳಿಯಲ್ಲಿ ಹೊತ್ತು ಕೊಪ್ಪಳದ ದವಾಖಾನೆಗೆ ಮುಟ್ಟಿಸಿದೆವು. ಬದುಕಿದ್ದಾನೆ, ಅಮ್ಮಾ. ಉಪಕಾರ ನಿಮ್ಮದು.

ಅವನ ಹೆಂಡತಿ ಎರಡೂ ತುಂಡನ್ನು ಒಗೆದು ಹೊಲಿದಿದ್ದಾಳೆ. ಕಾಲು ಕೂಡಿದ ಮೇಲೆ ಅದನ್ನೇ ಸುತ್ತಿಕೊಂಡು ನಿಮ್ಮನ್ನು ಕಾಣಬೇಕು ಅನ್ನುತ್ತಾನೆ. ಮಗನ ರುಮಾಲನ್ನು ಇನ್ನೊಬ್ಬನ ತಲೆಯ ಮೇಲೆ ನೋಡಲು ನಿಮ್ಮಿಂದ ಆಗದಿದ್ದರೆ ಒಂದು ಸಾಲು ಬರೆಸಿರಿ, ತಡೆಯುತ್ತೇನೆ. ಬರಲಿ ಅಂದರೆ ನಾನೂ ಜೊತೆಗೆ ಬರುತ್ತೇನೆ. ಬರಿದಲೆಯಲ್ಲಿ ಬಂದೆನೆಂದು ತಪ್ಪು ತಿಳಿಯಬೇಡಿರಿ. ನನ್ನ ರುಮಾಲು ಈಗ ಪೆಟ್ಟಿಗೆಯಲ್ಲಿದೆ.

ನಿಮ್ಮ
ಕೊಟ್ರಪ್ಪ