ಶೆಡ್ಡಿನ ಬಾಗಿಲ ಮೇಲಿನ ಸೀಮೆಸುಣ್ಣ

ಶನಿವಾರ ಬೆಳಿಗ್ಗೆ,
ಹಣ್ಣು ತೂಗುವ ಕೋಣೆಯಿಂದ

ಅಕ್ಕಾ,

ಕ್ಷೇಮಸಮಾಚಾರ ಆಮೇಲೆ. ಮೊದಲು ಒಂದು ಮಾತು ಹೇಳಿಬಿಡುತ್ತೇನೆ: ಅಪ್ಪನ ಕೈಗಡಿಯಾರ ನಿನ್ನ ಬ್ಯಾಗಿನಲ್ಲಿತ್ತು. ನೀನು ಎರಡು ವಾರದ ಹಿಂದೆ ಬಂದು ಹೊರಟಾಗ ಛತ್ರಿ ಒಳಗಿಡೋಣ ಅಂತ ನಾನು ಬ್ಯಾಗಿನ ಜಿಪ್ಪು ಎಳೆದೆ. ಬಟ್ಟೆಯ ಮಡಿಕೆಯಲ್ಲಿ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು. ನೀನು ನನ್ನ ಮುಖ ನೋಡಿದೆ, ನಾನು ನಿನ್ನ ಮುಖ ನೋಡಿದೆ. ಬಸ್ಸು ಬಂತು ಬಸ್ಸು ಬಂತು ಅಂದೆ ನೀನು. ಬಸ್ಸು ಬರಲು ಇನ್ನೂ ಇಪ್ಪತ್ತು ನಿಮಿಷ ಇತ್ತು.

ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಪ್ರೀತಿಯ ತಂಗಿಯ ಹಾಗೆ ಕಾಗದ ಬರೆಯುವುದು ನನ್ನ ಕೈಲಾಗದು. ಶಾಲೆ ಬಿಟ್ಟದ್ದೂ ಇದೇ ಬುದ್ಧಿಯಿಂದ ತಾನೇ. ಪರೀಕ್ಷೆಯಲ್ಲಿ ಯಾರ್ಯಾರು ನಕಲು ಮಾಡಿದ್ದೀರಿ ಅಂತ ಮೇಷ್ಟ್ರು ಕೇಳಿದರು, ನಾನು ಎದ್ದು ನಿಂತು "ನಾನು ಸೇರಿ ಎಲ್ಲರೂ" ಅಂದೆ. ಆಮೇಲೆ ಆ ತರಗತಿಯಲ್ಲಿ ಕೂರುವುದಕ್ಕಿಂತ ಇಲ್ಲಿ ಪೆಟ್ಟಿಗೆ ತೂಗುವುದೇ ವಾಸಿ ಅನ್ನಿಸಿತು. ಈಗ ತೂಗಲೂ ಏನಿಲ್ಲ. ತಕ್ಕಡಿಯ ತಟ್ಟೆಯಲ್ಲಿ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಮುಳ್ಳು ಅಲ್ಲಾಡುವುದೂ ಇಲ್ಲ.

ಫೋನು ಮಾಡಿ ಕೇಳಬಹುದಿತ್ತು. ಆದರೆ ಮನೆಯಲ್ಲಿರುವುದು ಒಂದೇ ಫೋನು, ಅದು ಅಪ್ಪನ ಜೇಬಿನಲ್ಲಿ. ಜೊತೆಗೆ, ಫೋನಿನಲ್ಲಿ ನೀನು ಜಾರಿಕೊಳ್ಳುತ್ತೀಯ. ಅವತ್ತು ಹತ್ತೂವರೆಯ ಬಸ್ಸು ಹತ್ತಿದವಳು ನಿನ್ನ ಹೊಲಿಗೆ ಕಾರ್ಖಾನೆಯ ರೂಮು ಸೇರುವಾಗ ಕತ್ತಲಾಗಿತ್ತು ಅಂದೆಯಲ್ಲ? ದಾರಿ ಮೂರೇ ಗಂಟೆಯದು. ಉಳಿದ ಹೊತ್ತು ಎಲ್ಲಿದ್ದೆ?

ಇರಲಿ. ನಿನ್ನ ವಿಚಾರ ಬದಿಗಿಟ್ಟು ಇಲ್ಲಿಯ ವಿಚಾರ ಕೇಳು. ನಮ್ಮನ್ನು ಸುಲಿಯುತ್ತಿದ್ದಾರೆ.

ನಮ್ಮ ದಾರಿಯ ಏಳು ತೋಟಗಳವರದೂ ಒಂದೇ ಪದ್ಧತಿ, ನಿನಗೆ ಗೊತ್ತು. ಸಾಮಾನಿನ ಶೆಡ್ಡಿಗೆ ಯಾರೂ ಬೀಗ ಹಾಕುವುದಿಲ್ಲ. ಬೇಕಾದವರು ಬೇಕಾದ್ದನ್ನು ತೆಗೆದುಕೊಂಡು, ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಏನು ಒಯ್ದದ್ದು, ಯಾರು ಒಯ್ದದ್ದು ಅಂತ ಬರೆಯಬೇಕು. ವಾಪಸು ತಂದ ದಿನ ಒದ್ದೆ ಕೈಯಲ್ಲಿ ಒರೆಸಬೇಕು. ಒಂದು ಸಾಲು ಎರಡು ದಿನಕ್ಕಿಂತ ಹೆಚ್ಚು ಉಳಿದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಈಗ ನೋಡು, ನೀನು ಹೋದ ಮಾರನೇ ದಿನದಿಂದ ಬಾಗಿಲು ತುಂಬುತ್ತಿದೆ. ಹನ್ನೊಂದು ಸಾಲು. ಒಂದೂ ಅಳಿಸಿಲ್ಲ.

ಮೊದಲು ಬಡಗಿ ಮಾವ ಬಂದ. ಉದ್ದದ ಹಗ್ಗ ಬೇಕು ಅಂದ. ಅವನ ಅಂಗಡಿಯ ಮೂಲೆಯಲ್ಲೇ ಮೂರು ಸುತ್ತು ಹಗ್ಗ ನೇತಾಡುವುದನ್ನು ನಾನೇ ಕಂಡಿದ್ದೇನೆ. ಹಾಗಂತ ಹೇಳಿದೆ ಕೂಡ. "ಅದು ಬೇರೆ ಹಗ್ಗ ಕಣಮ್ಮಾ, ಇದು ಬೇರೆ ಹಗ್ಗ" ಅಂದ. ಹಗ್ಗದಲ್ಲಿ ಬೇರೆ ಏನು? ಮಾರನೇ ದಿನ ಲಾರಿ ಅಣ್ಣ ಬಂದು ಕೊಂಬೆ ಕತ್ತರಿಸುವ ಗರಗಸ, ಎರಡು ಕತ್ತಿ ಒಯ್ದ. ಲಾರಿಯಲ್ಲಿ ಯಾವ ಕೊಂಬೆ ಬೆಳೆದಿದೆಯೋ ಕಾಣೆ. ಬಾವಿ ಒಳಗೇ ಇರುವ ಪಂಪ್‌ಹೌಸಿನ ಬೀಗದಕೈಯನ್ನೂ ಅವನೇ ಒಯ್ದ, ನಮ್ಮ ಬಾವಿಯ ಮೋಟಾರು ತನ್ನದಕ್ಕಿಂತ ಚೆನ್ನಾಗಿದೆಯಂತೆ, ನೋಡಿ ಕಲಿಯಬೇಕಂತೆ.

ಎಲ್ಲಕ್ಕಿಂತ ದೊಡ್ಡ ಆಶ್ಚರ್ಯ ಜೇನಮ್ಮನದು. ನಾವು ಮರಕ್ಕೆ ಔಷಧಿ ಹೊಡೆದರೆ ಸಾಕು, ನನ್ನ ಜೇನು ಸತ್ತವು ಅಂತ ಬೇಲಿಯ ಆಚೆ ನಿಂತು ನಮ್ಮ ಏಳು ತಲೆಮಾರನ್ನು ಜಾಲಾಡುತ್ತಿದ್ದವಳು ಅವಳು. ಅಂಥವಳು ಕೈಗಾಡಿ ತಂದು ನಮ್ಮ ಔಷಧಿ ಡಬ್ಬಗಳನ್ನೆಲ್ಲ ಹೇರಿಕೊಂಡು ಹೋದಳು! ಏನಕ್ಕೆ ಅಂದರೆ, "ನಿನಗ್ಯಾಕೇ, ತಕ್ಕಡಿ? ಎಲ್ಲಾನೂ ತೂಗ್ಬೇಡ" ಅಂದಳು. ಈಗ ದಾರಿಯವರೆಲ್ಲ ನನ್ನನ್ನು ಕರೆಯುವುದೇ ತಕ್ಕಡಿ ಅಂತ.

ನನಗೆ ಅರ್ಥವಾಗುವುದು ಇಷ್ಟೇ. ಎಲೆ ಹಳದಿಯಾಗುವ ರೋಗ ಮೊದಲು ಕಾಣಿಸಿದ್ದು ನಮ್ಮ ಕಿತ್ತಳೆಗೆ. ಅಪ್ಪ ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ, ತಾನೇ ಹೋಗಿ ತೋಟಗಾರಿಕೆ ಇಲಾಖೆಗೆ ಹೇಳಿ ಬಂದ. ಅವರು ಬಂದು ಮುನ್ನೂರ ನಲವತ್ತು ಮರಕ್ಕೂ ಕೆಂಪು ಪಟ್ಟಿ ಕಟ್ಟಿದರು, ಬುಡಕ್ಕೇ ಕತ್ತರಿಸಿ ಸುಡಿಸಿದರು. ಇನ್ನು ಮೂರು ವರ್ಷ ಇಲ್ಲಿ ಏನೂ ನೆಡುವ ಹಾಗಿಲ್ಲ. ನಮ್ಮದು ಸುಟ್ಟದ್ದರಿಂದ ಉಳಿದ ಆರು ತೋಟ ಹಸಿರಾಗಿ ನಿಂತಿವೆ. ಆ ಆರು ತೋಟದವರೇ ಈಗ, ಇವರಿಗೆ ಸಾಮಾನು ಇನ್ನೇಕೆ ಅಂತ ಒಂದೊಂದೇ ಹೊತ್ತುಕೊಂಡು ಹೋಗುತ್ತಿದ್ದಾರೆ. ಬಡಗಿ, ಲಾರಿಯವನು, ಜೇನಿನವಳು ಅವರ ಕೈಯವರು.

ಇನ್ನೊಂದು ಸಂಗತಿ. ಬಂದವರು ಸುಮ್ಮನೆ ಹೋಗುವುದಿಲ್ಲ. ಜಗಲಿಯಲ್ಲಿ ಅಪ್ಪನ ಪಕ್ಕ ಕೂತು ಚಹಾ ಕುಡಿಯುತ್ತಾರೆ. ಅಪ್ಪ ಮಾತಾಡುವುದಿಲ್ಲ, ಆದರೂ ಕೂರುತ್ತಾರೆ. ಬಡಗಿ ಮಾವನ ಸೈಕಲ್ಲು ಗೇಟಿಗೆ ಬರುವವರೆಗೆ ಜೇನಮ್ಮ ಏಳುವುದಿಲ್ಲ. ಮಾವ ಎದ್ದ ಅಂದರೆ ಲಾರಿಯ ಹಾರನ್ನು. ಒಬ್ಬರ ಮೇಲೆ ಇನ್ನೊಬ್ಬರು ಬಂದದ್ದಿಲ್ಲ, ನಡುವೆ ಬಿಡುವು ಬಿದ್ದದ್ದೂ ಇಲ್ಲ. ಮಾತಾಡಿಕೊಂಡು ಪಾಳಿ ಹಾಕಿಕೊಂಡಿದ್ದಾರೆ. ಇದು ಕಾವಲಲ್ಲದೆ ಇನ್ನೇನು? ಅಪ್ಪನಿಂದ ಯಾವುದೋ ಕಾಗದಕ್ಕೆ ರುಜು ಹಾಕಿಸುವ ಹೊಂಚು ಅಂತ ನನ್ನ ಅನುಮಾನ.

ನಾಳೆ ಬಡಗಿ ಮಾವನ ಅಂಗಡಿಯ ಮುಂದೆ ಎಲ್ಲರೂ ಸೇರುತ್ತಾರೆ, ನೀರಿನ ಸರದಿ ಗೊತ್ತು ಮಾಡಲು. ಆ ಹೊತ್ತಿಗೇ ಕೈಗಾಡಿ ತಳ್ಳಿಕೊಂಡು ಹೋಗಿ ಹನ್ನೊಂದು ಸಾಮಾನನ್ನೂ ವಾಪಸು ತರುತ್ತೇನೆ. ನಾಲ್ಕು ಜನರ ಮುಂದೆ ಕೇಳುತ್ತೇನೆ. ಆಮೇಲೆ ಈ ಕಾಗದ ಮುಗಿಸುತ್ತೇನೆ.

ಮಂಗಳವಾರ ಮಧ್ಯಾಹ್ನ

ಅಕ್ಕಾ, ಮೇಲಿನದನ್ನು ಹರಿದು ಹಾಕಿ ಹೊಸದಾಗಿ ಬರೆಯೋಣ ಅಂದುಕೊಂಡೆ. ಹರಿದರೆ ಅದು ಸುಳ್ಳಾಗುತ್ತದೆ. ಶನಿವಾರ ನಾನು ಹಾಗೇ ಇದ್ದೆ. ಓದಿಕೋ.

ಭಾನುವಾರ ಹೋದೆ. ಜೇನಮ್ಮನ ಹಿತ್ತಲಿಗೆ ನುಗ್ಗಿ ಡಬ್ಬ ಹೇರಿದೆ. ಅವನ್ನು ಜೇನುಗೂಡಿನ ಹಳೇ ಪೆಟ್ಟಿಗೆಯೊಳಗಿಟ್ಟು, ಮೇಲೆ ಕಲ್ಲು ಹೇರಿ ಮುಚ್ಚಿದ್ದಳು. ಒಂದರ ಮುಚ್ಚಳವನ್ನೂ ತೆಗೆದಿರಲಿಲ್ಲ. ಆಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಲಾರಿ ಅಣ್ಣನ ಸೀಟಿನ ಹಿಂದಿನಿಂದ ಗರಗಸ, ಕತ್ತಿ ಎಳೆದುಕೊಂಡೆ. ಗಾಡಿಯನ್ನು ಅಂಗಡಿಯ ಮುಂದೆ, ಎಲ್ಲರ ನಡುವೆ ನಿಲ್ಲಿಸಿ ಬಾಯಿಗೆ ಬಂದದ್ದು ಅಂದೆ. ನಾವೇನು ಸತ್ತೆವಾ ನೀವು ಹಂಚಿಕೊಳ್ಳುವುದಕ್ಕೆ ಅಂತಲೂ ಅಂದೆ.

ಜೇನಮ್ಮ ಬಂದು ನನ್ನ ಮಣಿಕಟ್ಟು ಹಿಡಿದಳು, ನೋಯುವ ಹಾಗೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಈಗ ಅಪ್ಪನ ಹತ್ರ ಯಾರಿದಾರೆ?"

"ಯಾರೂ ಇಲ್ಲ," ಅಂದೆ. ಮೀಟಿಂಗಿನ ಹೊತ್ತಿಗೆ ಪಕ್ಕದ ತೋಟದ ಅಜ್ಜ ಬಂದು ಕೂತಿದ್ದ, ನಾನೇ ಅವನನ್ನು ಎಬ್ಬಿಸಿ ಕಳಿಸಿದ್ದೆ. ಅದನ್ನೂ ಹೇಳಿದೆ.

ಎಲ್ಲರೂ ಓಡಿದರು, ಅಕ್ಕಾ. ಮಂಡಿನೋವಿನ ಬಡಗಿ ಮಾವ ಕೂಡ. ಲಾರಿ ಅಣ್ಣ ಬಾಗಿಲು ಹಾಕದೆಯೇ ಗಾಡಿ ಎಬ್ಬಿಸಿದ, ನಾವು ಹಿಂದಿನಿಂದ ಹತ್ತಿದೆವು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಲಾರಿಯಲ್ಲಿ ನಿಂತುಕೊಂಡು ಹನ್ನೊಂದು ಸಾಲನ್ನೂ ಮನಸ್ಸಿನಲ್ಲೇ ಓದಿದೆ. ಹಗ್ಗ. ಕತ್ತಿ. ಔಷಧಿ. ಬಾವಿಯ ಬೀಗದಕೈ. ಮನೆಯಲ್ಲಿ ಏನು ಇರಬಾರದಿತ್ತೋ ಅದನ್ನು ಆರಿಸಿ ಆರಿಸಿ ಒಯ್ದಿದ್ದರು. ನಾನು ಅದನ್ನೆಲ್ಲ ತಿರುಗಿ ತರಲು ಹೊರಟಿದ್ದೆ.

ಅಪ್ಪ ಸುಟ್ಟ ಬುಡಗಳ ನಡುವೆ ಗುದ್ದಲಿ ಹಿಡಿದು ನಿಂತಿದ್ದ. ಲಾರಿ ತುಂಬ ಜನ ಏದುಸಿರು ಬಿಡುತ್ತ ಇಳಿಯುವುದನ್ನು ನೋಡಿದ. ಎಷ್ಟೋ ದಿನದ ಮೇಲೆ ಬಾಯಿ ಬಿಟ್ಟು, "ಏನ್ರೋ, ಎಲ್ಲಿ ಬೆಂಕಿ ಬಿತ್ತು?" ಅಂದ. ಲಾರಿ ಅಣ್ಣ, "ಗುದ್ದಲಿ ಬೇಕಿತ್ತಣ್ಣಾ" ಅಂದ. ಅಪ್ಪ ಕೈಯಲ್ಲಿದ್ದ ಗುದ್ದಲಿಯನ್ನು ಒಂದು ಕ್ಷಣ ನೋಡಿ, ಅವನ ಕೈಗೆ ಕೊಟ್ಟು, "ಬಾಗಿಲ ಮೇಲೆ ಬರಿ" ಅಂದ. ಬಡಗಿ ಮಾವ ಅಲ್ಲೇ ಮಣ್ಣಿನಲ್ಲಿ ಕೂತು ನಗಲು ಹೋಗಿ ಅತ್ತುಬಿಟ್ಟ.

ಸಂಜೆ ಜೇನಮ್ಮ ಎಲ್ಲ ಹೇಳಿದಳು. ಅಪ್ಪ ತನ್ನ ಗಡಿಯಾರ ಬಿಚ್ಚಿ "ನನಗಿನ್ನು ಇದ್ಯಾಕೆ, ನೀನಿಟ್ಟುಕೋ" ಅಂತ ನಿನ್ನ ಕೈಗಿಟ್ಟದ್ದು. ನೀನು ಹತ್ತೂವರೆಯ ಬಸ್ಸು ಹತ್ತಿ, ನಾನು ಮರೆಯಾದ ಕೂಡಲೇ ಮುಂದಿನ ನಿಲ್ದಾಣದಲ್ಲಿ ಇಳಿದು, ಬಿಸಿಲಲ್ಲಿ ನಡೆದು ಬಂದು ಒಂದೊಂದೇ ಬಾಗಿಲು ತಟ್ಟಿದ್ದು. ಅವರೆಲ್ಲ ಯಾಕೆ, ಏನು ಅಂತ ಎರಡನೇ ಮಾತು ಕೇಳದೆ ಪಾಳಿ ಹಾಕಿಕೊಂಡದ್ದು. ನನಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ನಿಮ್ಮಪ್ಪ ಕೇಳಿದ್ರೆ ನೀನು ಸುಳ್ಳು ಹೇಳ್ತಿದ್ಯಾ?" ಅಂದಳು. ಇಲ್ಲ. ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತಿದ್ದೆ.

ಆದರೆ ಅಕ್ಕಾ, ನಾನು ಅಷ್ಟೇನೂ ಪ್ರಾಮಾಣಿಕಳಲ್ಲ. ಇದನ್ನು ಜೇನಮ್ಮನಿಗೂ ಹೇಳಿಲ್ಲ. ಮರ ಸುಟ್ಟ ಮೂರನೇ ದಿನ ಅಪ್ಪ ಬಾವಿಯ ಕಟ್ಟೆಯ ಮೇಲೆ ಕೂತಿದ್ದನ್ನು ನೋಡಿದ್ದೆ, ಚಪ್ಪಲಿ ಪಕ್ಕಕ್ಕೆ ಬಿಟ್ಟು. ಊಟಕ್ಕೆ ಬಾ ಅಂತ ಕೂಗಿದೆ, ಬಂದ. ಅಷ್ಟೇ ಅಂದುಕೊಂಡೆ. ಅಷ್ಟೇ ಅಲ್ಲ ಅಂತ ಅವತ್ತೇ ಗೊತ್ತಿತ್ತು. ಅದನ್ನು ನೋಡದೇ ಇರುವುದಕ್ಕೆ ಊರವರ ಮೇಲೆ, ನಿನ್ನ ಮೇಲೆ, ಸಿಕ್ಕಸಿಕ್ಕವರ ಮೇಲೆ ಅನುಮಾನಪಟ್ಟೆ. ಅದು ಸುಲಭವಿತ್ತು.

ನಿನ್ನೆ ಬೆಳಿಗ್ಗೆ ಕೈಗಾಡಿಯ ಸಾಮಾನನ್ನು ನಾನೇ ಒಬ್ಬೊಬ್ಬರ ಮನೆಗೆ ತಲುಪಿಸಿ ಬಂದೆ. ಬಾಗಿಲ ಮೇಲೆ ಈಗ ಹನ್ನೆರಡು ಸಾಲು, ಗುದ್ದಲಿ ಸೇರಿ. ಗುರುವಾರ ಲಾರಿ ಅಣ್ಣ ಅಪ್ಪನನ್ನು ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾನೆ, ಇಂಥದ್ದನ್ನು ನೋಡುವ ಡಾಕ್ಟರು ಅಲ್ಲಿದ್ದಾರಂತೆ. ಅಪ್ಪ ಬರುತ್ತೇನೆ ಅಂದಿದ್ದಾನೆ. ನನಗೂ ಪಾಳಿ ಕೊಟ್ಟಿದ್ದಾರೆ: ಬೆಳಿಗ್ಗೆ ಆರರಿಂದ ಎಂಟು. ನಿನ್ನ ಮೇಲೆ ಸಿಟ್ಟು ಇನ್ನೂ ಇದೆ, ನನ್ನೊಬ್ಬಳನ್ನು ಬಿಟ್ಟು ದಾರಿಯ ಮನೆಮನೆಗೂ ಹೇಳಿದ್ದಕ್ಕೆ. ಬಂದಾಗ ಜಗಳಾಡುತ್ತೇನೆ. ಬೇಗ ಬಾ.

ನಿನ್ನ ತಂಗಿ,
ತಕ್ಕಡಿ

ತಾಜಾ ಕಲಂ: ಕಾಗದ ಮಡಚುವಾಗ ಅಪ್ಪ ಬಂದು ಬಾಗಿಲಲ್ಲಿ ನಿಂತ. ಯಾರಿಗೆ ಅಂದ, ಅಕ್ಕನಿಗೆ ಅಂದೆ. ಏನು ಬರೆದೆ ಅಂತ ಕೇಳಲಿಲ್ಲ. "ನನ್ನ ಗಡಿಯಾರ ಕಳಿಸೋಕೆ ಹೇಳು" ಅಂದ. ಯಾಕಪ್ಪಾ ಅಂದರೆ, "ಆ ಬಡಗಿ ದಿನಾ ತನ್ನ ಪಾಳಿಗೆ ತಡವಾಗಿ ಬರ್ತಾನೆ. ಎಷ್ಟು ತಡ ಅಂತ ನೋಡ್ಬೇಕು" ಅಂದ.