ಬಿಚ್ಚದ ಹೊಲಿಗೆ

ಮಂಗಳವಾರ, ಬೆಳಿಗ್ಗೆ

ಕಲ್ಲು ನೋಡಿ ಹೇಳುವ ದೊಡ್ಡವರಿಗೆ,

ನೀವು ನೋಡದೇ ತೀರ್ಪು ಹೇಳಿದ ಕಲ್ಲು ಬಿದ್ದ ಮನೆಯ ಅಜ್ಜಿ ಮಾಡುವ ನಮಸ್ಕಾರ.

ನಿಮ್ಮ ಸಹಿ ಮಸಿಯಲ್ಲಿ ಬಿದ್ದೆದ್ದ ಇರುವೆ ಓಡಿದ ಹಾಗಿದೆ. ಹೆಂಗಸೋ ಗಂಡಸೋ ತಿಳಿಯಲಿಲ್ಲ, ಅದಕ್ಕೇ ದೊಡ್ಡವರು ಎಂದಿದ್ದೇನೆ. ನಾನು ಹಳ್ಳಿ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಕೂತವಳು. ನನ್ನ ಬರಹದಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ತಪ್ಪನ್ನು ಮಾತ್ರ ನಾನು ಹೊಟ್ಟೆಗೆ ಹಾಕಿಕೊಳ್ಳುವುದಿಲ್ಲ.

ನಾನು ಕಳಿಸಿದ ಪಾರ್ಸೆಲ್ ನಿನ್ನೆ ಮರಳಿ ಬಂತು. ಜೊತೆಗೊಂದು ಅಚ್ಚು ಹಾಕಿದ ಚೀಟಿ: ಪರೀಕ್ಷಿಸಲಾಗಿದೆ, ಕುಲುಮೆಯ ಕಿಟ್ಟ, ಉಲ್ಕಾಶಿಲೆಯಲ್ಲ. ಕಬ್ಬಿಣ ಕಾಯಿಸಿದಾಗ ಉಳಿಯುವ ಕಸವಂತೆ ಅದು. ಪರೀಕ್ಷಿಸಿದ್ದು ಯಾವಾಗ ದೊಡ್ಡವರೇ? ತಗಡಿನ ಡಬ್ಬಿಗೆ ಬಿಳಿ ಬಟ್ಟೆ ಸುತ್ತಿ ಹೊಲಿದವಳು ನಾನು. ಮೂಲೆ ಮೂಲೆಗೂ ದಾರ ಸುತ್ತಿ, ಗಂಟನ್ನು ಬಟ್ಟೆಯ ಮಡಿಕೆಯೊಳಗೆ ಮರೆಸುವುದು ನನ್ನ ಪದ್ಧತಿ. ಆ ಗಂಟು ಹಾಗೇ ಇದೆ, ಒಂದು ಎಳೆಯೂ ಅಲ್ಲಾಡಿಲ್ಲ. ಡಬ್ಬಿಗೆ ಕಿವಿಯಿಟ್ಟು ಕೇಳಿ ಬರೆದಿರೋ, ಮೂಸಿ ನೋಡಿ ಬರೆದಿರೋ?

ನಿಮಗೆ ಅದೊಂದು ಚೀಟಿ. ನಮ್ಮ ಮನೆಯಲ್ಲಿ ಅದು ಏನು ಮಾಡಿತು ಕೇಳಿ.

ನಮ್ಮ ಮನೆಯವರದು ಬೀಗ ರಿಪೇರಿಯ ಅಂಗಡಿ. ಹೋದ ತಿಂಗಳು ಒಂದು ಬೆಳಿಗ್ಗೆ ಅವರು ಹಿತ್ತಲಿನ ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದಾಗ ತಗಡಿನ ಮಾಡು ಸೀಳಿಕೊಂಡು ಒಂದು ಕಲ್ಲು ಬಿತ್ತು. ನನ್ನ ಹೊಸ ಬಕೆಟ್ಟು ಎರಡು ಹೋಳು. ನಾನು ಬೀದಿ ನಲ್ಲಿಯಲ್ಲಿದ್ದೆ, ಬಿದ್ದದ್ದನ್ನು ಕಂಡವರು ಅವರೊಬ್ಬರೇ. ಮುಷ್ಟಿಗಾತ್ರದ ಕಲ್ಲು, ಎತ್ತಿದರೆ ಕೈ ಜಗ್ಗುತ್ತದೆ. ಮೇಲೆಲ್ಲ ತಳ ಹಿಡಿದ ಪಾತ್ರೆಯ ಕಪ್ಪು. ಒಡೆದ ಮೂಲೆಯೊಳಗೆ ಬೂದು ಬಣ್ಣ, ಅದರಲ್ಲಿ ಸೂಜಿಮೊನೆಯಂತೆ ಮಿನುಗುವ ಚುಕ್ಕಿಗಳು. ಅಯಸ್ಕಾಂತ ಹಿಡಿದರೆ ಬಿಡಲೊಲ್ಲದು. ತುಕ್ಕು ಹಿಡಿಯಬಾರದೆಂದು ನಮ್ಮವರು ಬೀಗಕ್ಕೆ ಹಾಕುವ ಎಣ್ಣೆಯನ್ನೇ ಅದಕ್ಕೂ ಒರೆಸಿದ್ದಾರೆ. ಅದು ಮಾಡಬಾರದ ಕೆಲಸವಾಗಿದ್ದರೆ ಬೈಯಿರಿ, ಆದರೆ ಬಿಚ್ಚಿ ನೋಡಿ ಬೈಯಿರಿ.

ಆಕಾಶದಿಂದ ಬಿತ್ತು ಎಂದಿದ್ದಕ್ಕೆ ಬೀದಿಯವರು ನಕ್ಕರು. ನಗಲಿ, ಅವರಿಗೂ ಹೊತ್ತು ಹೋಗಬೇಕಲ್ಲ. ಮಗ ನಗಲಿಲ್ಲ, ಅದೇ ಕಷ್ಟವಾಯಿತು. ನನ್ನನ್ನು ಅಡುಗೆಮನೆಗೆ ಕರೆದು, "ಅಪ್ಪನಿಗೆ ತಲೆ ನಿಲ್ತಿಲ್ಲಮ್ಮ. ಇನ್ನು ಅಂಗಡಿ ಬೇಡ," ಎಂದ. ಊರಿಗೆಲ್ಲ ಕೀಲಿಕೈ ಮಾಡಿಕೊಟ್ಟವರ ಕೀಲಿಕೈಯನ್ನೇ ಕಿತ್ತುಕೊಂಡು ತನ್ನ ಸೊಂಟಕ್ಕೆ ಸಿಕ್ಕಿಸಿದ. ಕೆಟ್ಟವನಲ್ಲ, ಹೆದರಿದ್ದಾನೆ. ಕಲ್ಲು ಓದಿದವರು ಹೇಳಲಿ, ಆಕಾಶದ್ದೇ ಅಂದರೆ ಕೀಲಿಕೈ ವಾಪಸ್ಸು ಕೊಡಬೇಕು ಎಂದು ನಾನು ಜಗಳವಾಡಿ ಒಪ್ಪಿಸಿದೆ. ಅದಕ್ಕೇ ನಿಮಗೆ ಕಳಿಸಿದ್ದು. ನಿಮ್ಮ ಚೀಟಿಯನ್ನು ಮಗ ಊಟದ ಹೊತ್ತಿಗೆ ಎಲ್ಲರೆದುರು ಓದಿದ. ಸೊಸೆ ತಲೆ ಎತ್ತಲಿಲ್ಲ. ನಮ್ಮವರು ತಟ್ಟೆಯಲ್ಲೇ ಕೈ ತೊಳೆದು ಎದ್ದರು.

ಅವರು ಮನಸ್ಸು ಮಾಡಿದರೆ ಆ ಅಂಗಡಿಯ ಬೀಗಕ್ಕೆ ಒಂದು ತುಂಡು ತಂತಿ ಸಾಕು. ಆದರೂ ಸುಮ್ಮನೆ ಜಗುಲಿಯಲ್ಲಿ ಕೂತಿದ್ದಾರೆ. ನನ್ನ ಹೊಟ್ಟೆ ಉರಿಯುವುದು ಅಲ್ಲಿ. ನೋಡಿ ಕಿಟ್ಟ ಎಂದಿದ್ದರೆ ಬಾಯಿ ಮುಚ್ಚಿಕೊಂಡು ಇರುತ್ತಿದ್ದೆ. ಇಷ್ಟು ವರ್ಷ ಜೊತೆಗಿದ್ದ ನಾನೇ ಅವರ ತಲೆಯೊಳಗೆ ಏನಿದೆ ಎಂದು ಹೇಳಲಾರೆ. ಡಬ್ಬಿಯ ಮುಚ್ಚಳ ಕೂಡ ತೆಗೆಯದ ನೀವು ತೀರ್ಮಾನ ಬರೆದು ಕಳಿಸಿದಿರಿ.

ಡಬ್ಬಿಯನ್ನು ಮತ್ತೆ ಕಳಿಸುತ್ತಿದ್ದೇನೆ. ನಿಮ್ಮ ಕಚೇರಿಯಲ್ಲಿ ಕತ್ತರಿ ಇಲ್ಲವೆಂದರೆ ತಿಳಿಸಿ, ಅದನ್ನೂ ಕಳಿಸುತ್ತೇನೆ. ಇಲ್ಲವೇ ನಾನೇ ಕತ್ತರಿ ಹಿಡಿದು ಬರುತ್ತೇನೆ. ಆಗ ಕೂರಲು ಒಂದು ಕುರ್ಚಿ ಹಾಕಿಸಿರಿ, ನನಗೆ ಮಂಡಿನೋವು.

ಇಂತಿ,
ಬೀಗದಜ್ಜನ ಹೆಂಡತಿ

ಇನ್ನೊಂದು ಮಾತು: ಮೇಲಿನದನ್ನೆಲ್ಲ ಬರೆದ ಮೇಲೆ, ಹೊಸ ಬಟ್ಟೆ ಹಾಕೋಣವೆಂದು ಹಳೆಯ ಹೊಲಿಗೆ ಬಿಚ್ಚಿದೆ. ಡಬ್ಬಿಯಲ್ಲಿ ಕಲ್ಲಿರಲಿಲ್ಲ. ಕೀಲಿಕೈ ಕಳೆದುಹೋದ ಒಂದು ಹಳೆಯ ಬೀಗವಿತ್ತು, ಭಾರವೂ ಕಲ್ಲಿನಷ್ಟೇ. ಅವತ್ತು ನಾನು ಸೂಜಿದಾರ ತರಲು ಒಳಗೆ ಹೋದಾಗ ನಮ್ಮವರೇ ಬದಲಾಯಿಸಿಟ್ಟಿದ್ದಾರೆ. ಕಲ್ಲು ಅವರ ದಿಂಬಿನ ಕೆಳಗೆ ಸಿಕ್ಕಿತು. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ. ಕಲ್ಲನ್ನು ನನ್ನ ಕೈಯಿಂದ ತೆಗೆದುಕೊಂಡು, "ಅವ್ರು ನಿಜವಾಗ್ಲೂ ನೋಡಿ ಕಿಟ್ಟ ಅಂದ್ಬಿಟ್ರೆ, ನಾನು ಕಂಡಿದ್ದೇನು ಹಾಗಾದ್ರೆ?" ಎಂದರು.

ಬೀಗವನ್ನು ಕಿಟ್ಟ ಎಂದು ಬರೆದವರು ನೀವು. ಹಾಗಾಗಿ ಮೇಲಿನ ಬೈಗುಳದಲ್ಲಿ ಒಂದಕ್ಷರವನ್ನೂ ಹೊಡೆದುಹಾಕಿಲ್ಲ. ಈಗ ಕಲ್ಲನ್ನೇ ಇಟ್ಟಿದ್ದೇನೆ. ಹೊಲಿಯುವಾಗ ಡಬ್ಬಿ ಹಿಡಿದುಕೊಂಡವರು ಅವರೇ. ಏನು ಕಂಡರೂ ಕಂಡದ್ದನ್ನೇ ಬರೆಯಿರಿ, ಕೇಳಲು ಒಪ್ಪಿದ್ದಾರೆ. ಈ ಸಲ ಗಂಟನ್ನು ಮರೆಸಿಲ್ಲ, ಮೇಲೇ ಬಿಟ್ಟಿದ್ದೇನೆ. ಎಳೆದರೆ ಬಿಚ್ಚಿಕೊಳ್ಳುತ್ತದೆ.