ಪ್ಯಾನೆಲ್‌ನ ಮೂರನೇ ಕುರ್ಚಿ

ಸೋಮವಾರ, ೧೨
ಹೋಟೆಲಿನ ರಿಸೆಪ್ಷನ್‌ನಲ್ಲಿ ನಿಂತು ನಿಂತು ಇವತ್ತೂ ಕಾಲು ಸೋತವು. ಮಧ್ಯಾಹ್ನ ಮ್ಯಾನೇಜರ್ ಕರೆದರು. ರಿಸೆಪ್ಷನ್‌ಗೆ ಒಬ್ಬರನ್ನು ಕಾಯಂ ಆಗಿ ತೆಗೆದುಕೊಳ್ಳುತ್ತಾರಂತೆ; ನಾನಿನ್ನೂ ಟೆಂಪರರಿ. ನಾಳೆಯಿಂದ ಇಂಟರ್‌ವ್ಯೂ. ನನ್ನ ಸರದಿ ಕೊನೆಯ ದಿನ.

"ಅಲ್ಲೀವರೆಗೂ ಪ್ಯಾನೆಲ್‌ನಲ್ಲಿ ನಮ್ಮ ಕಡೆ ಕೂತ್ಕೊಂಡು ನೋಡಮ್ಮ. ಪ್ರತಿ ಇಂಟರ್‌ವ್ಯೂನಲ್ಲೂ ಎಡವ್ತೀಯಲ್ಲ, ಯಾಕೆ ಅಂತ ಗೊತ್ತಾಗುತ್ತೆ."

ಕಾಯಂ ಆದರೆ ಸ್ಟಾಫ್ ಕ್ವಾರ್ಟರ್ಸ್‌ನಲ್ಲಿ ರೂಮು. ಬಾಗಿಲಿಗೆ ಒಳಗಿನಿಂದ ಚಿಲಕ! ಅಕ್ಕನ ಮನೆಯ ಹಾಲ್‌ನ ಸೋಫಾದಲ್ಲಿ ಮಲಗಲು, ಭಾವ ಟಿವಿ ಆರಿಸುವವರೆಗೂ ಕಣ್ಣು ಬಿಟ್ಟುಕೊಂಡು ಕೂರಬೇಕಿಲ್ಲ.

ಮಂಗಳವಾರ, ೧೩
ಅಬ್ಬಾ, ಈ ಕಡೆಯಿಂದ ಎಲ್ಲವೂ ಕಾಣುತ್ತದೆ. ಬೆವರು, ಬಾಯಿಪಾಠ, ಸುಳ್ಳು ನಗು. ಉತ್ತರ ಮುಗಿದ ಮೇಲೂ ಮ್ಯಾನೇಜರ್ ಬೇಕೆಂದೇ ಸುಮ್ಮನಿರುತ್ತಾರೆ. ಪಾಪ, ಬಂದವರು ಗಾಬರಿಬಿದ್ದು ಇನ್ನಷ್ಟು ಮಾತಾಡಿ ತಮ್ಮ ಗುಂಡಿ ತಾವೇ ತೋಡಿಕೊಳ್ಳುತ್ತಾರೆ. ನಾನೂ ಹೀಗೇ... ಹಿಂದಿನ ಸಲ ಮಾತು ಭಾವನ ಗೊರಕೆಯವರೆಗೂ ಹೋಗಿತ್ತು.

ಪಕ್ಕದ ಕುರ್ಚಿಯ ಅಕೌಂಟೆಂಟ್ ಪಿಸುಗುಟ್ಟಿದರು: "ಸ್ವಲ್ಪ ಗತ್ತಲ್ಲಿ ಕೂತ್ಕೋಮ್ಮ. ಅವರೇನು ನಿನ್ನ ನೆಂಟರಾ?"

ಶುಕ್ರವಾರ, ೧೬
ಕೆಂಪು ಚಪ್ಪಲಿಯವಳೊಬ್ಬಳು ಬಂದಳು. "ಗೆಸ್ಟ್ ಕಿರುಚಾಡಿದ್ರೆ ಏನ್ ಮಾಡ್ತೀರಿ?" ನಾನೇ ಕೇಳಿದೆ.

"ಅಳು ಬರುತ್ತೆ ಮೇಡಂ. ಒಳಗೆ ಹೋಗಿ ಅತ್ತು ಬಂದು, ರೂಮ್ ಬದಲಾಯಿಸಿ ಕೊಡ್ತೀನಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಮ್ಯಾನೇಜರಿಗೆ ಅವಳು ಹಿಡಿಸಿದ್ದು ಕಂಡು ಹೊಟ್ಟೆ ಉರಿಯಿತು. ಮಾರ್ಕ್ಸ್ ಕಡಿಮೆ ಹಾಕಲು ಕೈ ಹೋಯಿತು — ಹಾಕಲಿಲ್ಲ. ಪೂರ್ತಿ ಕೊಟ್ಟೆ. ದೊಡ್ಡ ಧರ್ಮಾತ್ಮಳು ನಾನು.

ಸೋಮವಾರ, ೧೯
ನನ್ನ ಸರದಿ. ಚುಟುಕಾಗಿ ಉತ್ತರ ಕೊಟ್ಟು ಬಾಯಿಗೆ ಬೀಗ ಹಾಕಿದೆ. ಅವರೂ ಸುಮ್ಮನೆ. ನಾನೂ ಸುಮ್ಮನೆ. ಫ್ಯಾನಿನ ಕಟಕಟ ಮಾತ್ರ. ಕೊನೆಗೆ ಮ್ಯಾನೇಜರೇ ಸೋತು ನಕ್ಕರು.

"ಭೇಷ್! ನೀನು ಈ ಕಡೆಗೇ ಸರಿ ಕಣಮ್ಮ. ಉಳಿದ ಬ್ರಾಂಚ್‌ಗಳ ಇಂಟರ್‌ವ್ಯೂಗೂ ನೀನೇ ಬಂದು ಕೂತ್ಕೋ."

"ಸರ್, ಕಾಯಂ?"

"ಅದು ಆ ಕೆಂಪು ಚಪ್ಪಲಿ ಹುಡುಗಿಗೆ. ಬಿಟ್ರೆ ಬೇರೆ ಕಡೆ ಹೋಗ್ತಾಳೆ. ನೀನೆಲ್ಲಿಗೆ ಹೋಗ್ತೀಯ, ನಮ್ಮೋಳೇ ಅಲ್ವಾ?"

ನಮ್ಮೋಳಂತೆ. ಸಿಟ್ಟು ನೆತ್ತಿಗೇರಿತು. ಆದರೂ ತಲೆಯಾಡಿಸಿ ಬಂದೆ.

ಬುಧವಾರ, ೨೧
ಮನೆಯಲ್ಲಿ ಇನ್ನೂ ಹೇಳಿಲ್ಲ. ಅಕ್ಕ ಹೊಸ ಬೆಡ್‌ಶೀಟ್ ತಂದಿಟ್ಟಿದ್ದಾಳೆ, "ನಿನ್ನ ರೂಮಿಗೆ ಕಣೇ" ಅಂತ. ಭಾವ ಸೋಫಾ ಎಲ್ಲಿಗೆ ಸರಿಸಬೇಕೆಂದು ಅಳೆಯುತ್ತಿದ್ದಾರೆ.

ಆಯ್ಕೆಯಾದವಳಿಗೆ ಫೋನ್ ಮಾಡುವ ಕೆಲಸವೂ ನನ್ನ ತಲೆಗೇ ಬಂತು. ಮಾಡಿದೆ. ಖುಷಿಗೆ ಅತ್ತೇಬಿಟ್ಟಳು. ಆಮೇಲೆ —

"ಮೇಡಂ, ಕ್ವಾರ್ಟರ್ಸ್‌ನಲ್ಲಿ ನಿಮ್ಮ ಪಕ್ಕದ ರೂಮೇ ಕೊಡಿಸ್ತೀರಾ? ನೀವಿದ್ರೆ ನಂಗೆ ಧೈರ್ಯ."

ಆಯ್ತು ಎಂದುಬಿಟ್ಟೆ. ಎಲ್ಲಿಂದ ಕೊಡಿಸಲಿ, ನನಗೇ ಇಲ್ಲ.